ಬಿಳಿ ಪ್ರತಿ, ಹಸಿರು ಪ್ರತಿ: ಕಾರ್ಖಾನೆಯ ವಿಷ ಎಲ್ಲಿಗೆ ಹೋಯಿತೆಂದು ಸರ್ಕಾರವನ್ನು ಕೇಳುವ ಬಗೆ

ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿಯಲ್ಲಿ, ಅಂದರೆ ಸರ್ಕಾರಿ ಕೈಗಾರಿಕಾ ಪ್ರದೇಶದಲ್ಲಿ, ಬಣ್ಣ (ಡೈ) ಮಾಡುವ ಒಂದು ಕಂಪೆನಿಯಲ್ಲಿ ನಾನು ಇಪ್ಪತ್ತಾರು ವರ್ಷ ಡಿಸ್ಪ್ಯಾಚ್ ಕ್ಲಾರ್ಕ್ ಆಗಿದ್ದೆ. ಮಾಲು ಹೊರಗೆ ಹೋಗುವ ಚಲನ್ ಬರೆಯುತ್ತಿದ್ದದ್ದು ನಾನೇ, ಕಾರ್ಖಾನೆಯ ವಿಷದ ಕೆಸರು ಹೊರಗೆ ಹೋಗುವ ಮ್ಯಾನಿಫೆಸ್ಟ್ ಎಂಬ ಸಾಗಣೆ ಚೀಟಿ ಬರೆಯುತ್ತಿದ್ದದ್ದೂ ನಾನೇ. 2019ರಲ್ಲಿ ನಿವೃತ್ತನಾದ ಮೇಲೆ ಆ ಕಾಗದಗಳ ಋಣ ಮುಗಿಯಿತು ಅಂದುಕೊಂಡಿದ್ದೆ.

ಹೋದ ಏಪ್ರಿಲ್‌ನಲ್ಲಿ ನಮ್ಮ ವಸತಿ ಸೊಸೈಟಿಯ ದುರಸ್ತಿ ಕೆಲಸಕ್ಕೆ ಯಾದಗಿರಿ ಕಡೆಯ ಐದಾರು ಕುಟುಂಬಗಳು ಬಂದವು. ಕಾಂಪೌಂಡಿನ ಮೂಲೆಯಲ್ಲೇ ತಗಡು ಹಾಕಿಕೊಂಡು ಇದ್ದರು. ಕನ್ನಡ ಕೇಳಿಸಿತೆಂದು ನಾನಾಗಿ ಮಾತಾಡಿಸಿದೆ. ಮಾರನೆಯ ದಿನ ಅವರಲ್ಲೊಬ್ಬ ಹೆಣ್ಣುಮಗಳು ಬಂದು, "ಕಾಕಾ, ನೀವು ಕಂಪನ್ಯಾಗ ಇದ್ರಂತಲ್ರೀ. ಈ ಡ್ರಮ್ಮಿನ ನೀರು ಯಾಕ ಹಿಂಗ ವಾಸನಿ ಹೊಡಿತದ, ಒಂಚೂರು ನೋಡ್ರಿ" ಅಂದಳು.

ನೀಲಿ ಪ್ಲಾಸ್ಟಿಕ್ ಡ್ರಮ್ಮು, 200 ಲೀಟರಿನದು, ಮೇಲಿನ ಮುಚ್ಚಳ ಕೊಯ್ದು ಬಾಯಿ ದೊಡ್ಡದು ಮಾಡಿದ್ದರು. ಹೊರಮೈಯಲ್ಲಿ ಲೇಬಲ್ಲು ಕೆರೆದ ಗುರುತು. ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಅದರ ಕೆಳಗೆ ಮಾರ್ಕರಿನಲ್ಲಿ ಬರೆದ ಅಂಕಿ, ಅರ್ಧ ಅಳಿಸಿದ್ದು: 33.1. ನನ್ನ ಕೈ ತಣ್ಣಗಾಯಿತು. ಅಂಥ ಅಂಕಿಗಳನ್ನು ನಾನೇ ಎಷ್ಟು ಡ್ರಮ್ಮುಗಳ ಮೇಲೆ ಬರೆದಿದ್ದೇನೋ. ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ 33.1 ಅಂದರೆ ವಿಷ ರಾಸಾಯನಿಕ ತಗಲಿದ ಖಾಲಿ ಡ್ರಮ್ಮು, ಡಬ್ಬ, ಒಳಚೀಲ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಸಾಲ್ವೆಂಟು (ರಾಸಾಯನಿಕ ದ್ರಾವಕ) ಪ್ಲಾಸ್ಟಿಕ್ಕಿನ ಮೈಯೊಳಗೇ ಇಳಿದಿರುತ್ತದೆ. ಭಂಗಾರದ, ಅಂದರೆ ಗುಜರಿ ಅಂಗಡಿಯಲ್ಲಿ 400 ರೂಪಾಯಿ ಕೊಟ್ಟು ತಂದಿದ್ದಳಂತೆ. ಮೂರು ವರ್ಷದ ಅವಳ ಮಗು ಅದೇ ನೀರು ಕುಡಿಯುತ್ತಿತ್ತು.

ಅವತ್ತಿನಿಂದ ನಾನು ಮಾಡಿದ್ದನ್ನು, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಡೊಂಬಿವಲಿ, ಅಂಬರನಾಥ, ಬದಲಾಪುರ, ತಳೋಜಾ ಕಡೆ ಇರುವ ಕನ್ನಡದವರಿಗೆ ಇದು ಉಪಯೋಗಕ್ಕೆ ಬರಬೇಕು.

ಮೊದಲ ಮಾತು ಜೀವದ್ದು. ರಾತ್ರಿ ನಾಲೆಯ ಹತ್ತಿರ ಟ್ಯಾಂಕರು ನಿಂತು ಪೈಪು ಇಳಿಸಿದ್ದು ಕಂಡರೆ ಹತ್ತಿರ ಹೋಗಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಗೆ ಅಡ್ಡಲಾಗಿ ದೂರ ಸರಿಯಿರಿ, ಬಿದ್ದವರನ್ನು ಎತ್ತಲು ನೀವೇ ನಾಲೆಗೆ ಇಳಿಯಬೇಡಿ, ಅಗ್ನಿಶಾಮಕ ದಳವನ್ನು ಕರೆಯಿರಿ. 2022ರ ಜನವರಿ 6ರಂದು ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ನಾಲೆಗೆ ಬಿಟ್ಟ ರಾಸಾಯನಿಕದ ಅನಿಲಕ್ಕೆ ಆರು ಕಾರ್ಮಿಕರು ಸತ್ತರು. ನಮ್ಮ ಪಕ್ಕದ ಉಲ್ಲಾಸನಗರದಲ್ಲೇ 2014ರ ನವೆಂಬರ್ ಕೊನೆಗೆ ವಾಲಧುನಿ ನದಿಯಿಂದ ಎದ್ದ ಅನಿಲಕ್ಕೆ ನೂರಾರು ಜನ ಆಸ್ಪತ್ರೆ ಸೇರಿದ್ದರು. ದೂರದಿಂದ ಫೋಟೋ ತೆಗೆಯಿರಿ, ಗಾಡಿ ನಂಬರು ಬರೆದುಕೊಳ್ಳಿ, ಹತ್ತಿರದ ಲೈಟ್ ಕಂಬದ ಮೇಲಿನ ಅಂಕಿ ಬರೆದುಕೊಳ್ಳಿ. ಅಷ್ಟು ಸಾಕು.

ಟ್ಯಾಂಕರಿನ ಬೆನ್ನು ಹತ್ತುವುದರಿಂದ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ಅನುಭವ. ಡ್ರೈವರ್ ಸಿಕ್ಕಿಬೀಳುತ್ತಾನೆ, ಮಾಲು ಯಾರದ್ದೆಂದು ಗೊತ್ತಾಗುವಷ್ಟರಲ್ಲಿ ಸುದ್ದಿ ಹಳತಾಗುತ್ತದೆ. ಹಿಡಿಯಬೇಕಾದದ್ದು ಕಾಗದವನ್ನು. ಅದನ್ನು ಕೇಳಬೇಕಾದದ್ದು ಸರ್ಕಾರದ ಹತ್ತಿರ, ಏಕೆಂದರೆ ಲೆಕ್ಕ ಇಡುವ ಹೊಣೆ ಅದರದ್ದೇ.

ಲೆಕ್ಕ ಹೇಗಿರುತ್ತದೆಂದು ಹೇಳುತ್ತೇನೆ. ಈಗ ಜಾರಿಯಲ್ಲಿರುವುದು 2016ರ ನಿಯಮಗಳು. ಕಾರ್ಖಾನೆಯಿಂದ ಒಂದು ಡ್ರಮ್ಮು ಕೆಸರು ಹೊರಟರೂ ಫಾರ್ಮ್ 10 ತುಂಬಬೇಕು. ಇದೇ ಮ್ಯಾನಿಫೆಸ್ಟ್. ಏಳು ಪ್ರತಿ, ಏಳು ಬಣ್ಣ. ಬಿಳಿಯದನ್ನು ಕಳಿಸುವವನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಹಳದಿ, ಗಾಡಿಯವನ ಸಹಿ ಹಾಕಿಸಿಕೊಂಡು ಕಾರ್ಖಾನೆಯಲ್ಲೇ ಉಳಿಯುತ್ತದೆ. ನನ್ನ ಕಪಾಟಿನಲ್ಲಿ ಆ ಹಳದಿ ಕಟ್ಟುಗಳು ಸೆಣಬಿನ ದಾರ ಸುತ್ತಿಕೊಂಡು ಕೂತಿರುತ್ತಿದ್ದವು. ಉಳಿದ ಐದು ಪ್ರತಿ ಗಾಡಿಯ ಜೊತೆ ಹೋಗುತ್ತವೆ. ಗುಲಾಬಿ, ಮಾಲು ಪಡೆದವನದು. ಕಿತ್ತಳೆ, ಸಾಗಿಸಿದವನದು. ಹಸಿರು ಪ್ರತಿಯನ್ನು ಮಾಲು ಪಡೆದ ಜಾಗದವರು ಮಂಡಳಿಗೆ ಕಳಿಸಬೇಕು. ನೀಲಿ, ಮಾಲು ಮುಟ್ಟಿತೆಂದು ಕಾರ್ಖಾನೆಗೆ ವಾಪಸು. ಬೂದುಬಣ್ಣದ್ದು, ಮಾಲು ಬೇರೆ ರಾಜ್ಯದಿಂದ ಬಂದಿದ್ದರೆ ಆ ರಾಜ್ಯದ ಮಂಡಳಿಗೆ.

ಅಂದರೆ ಮಂಡಳಿಯ ಕಡತದಲ್ಲಿ ಒಂದೇ ಸಾಗಣೆಯ ಎರಡು ಸಾಕ್ಷಿ ಇರಬೇಕು: ಹೊರಟಿತು ಎನ್ನುವ ಬಿಳಿ, ಮುಟ್ಟಿತು ಎನ್ನುವ ಹಸಿರು. ಬಿಳಿ ಇದ್ದು ಹಸಿರು ಇಲ್ಲದಿದ್ದರೆ ಆ ಮಾಲು ದಾರಿಯಲ್ಲಿ ಎಲ್ಲೋ ಇಳಿದಿರಬಹುದು. ಎರಡೂ ಇಲ್ಲದಿದ್ದರೆ ಕಾರ್ಖಾನೆಯ ಒಳಗೇ ಇರಬೇಕು, ಹಾಗೆ ಇಟ್ಟುಕೊಳ್ಳಲು ಸಾಮಾನ್ಯವಾಗಿ 90 ದಿನ ಮಾತ್ರ ಅವಕಾಶ. ಈ ಕೆಲಸ ಆನ್‌ಲೈನ್‌ನಲ್ಲಿ ನಡೆಯುವ ಕಡೆಯೂ ತತ್ವ ಇದೇ. ಇದಕ್ಕೆ ರಸಾಯನಶಾಸ್ತ್ರ ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಆಯಿತು.

ಸರ್ಕಾರದ ಪಾಲಿನ ಕರ್ತವ್ಯವೂ ಅದೇ ನಿಯಮಗಳಲ್ಲಿದೆ. ಪ್ರತಿ ಕಾರ್ಖಾನೆ ಜೂನ್ 30ರೊಳಗೆ ಫಾರ್ಮ್ 4ರಲ್ಲಿ ವರ್ಷದ ಲೆಕ್ಕ ಕೊಡಬೇಕು. ಅದನ್ನೆಲ್ಲ ಕೂಡಿಸಿ ರಾಜ್ಯ ಮಂಡಳಿ ಸೆಪ್ಟೆಂಬರ್ 30ರೊಳಗೆ ಕೇಂದ್ರ ಮಂಡಳಿಗೆ ಪಟ್ಟಿ ಕಳಿಸಬೇಕು: ಎಷ್ಟು ಹುಟ್ಟಿತು, ಎಷ್ಟು ಮರುಬಳಕೆಯಾಯಿತು, ಎಷ್ಟು ವಿಲೇವಾರಿಯಾಯಿತು. ಇಂಥ ತ್ಯಾಜ್ಯದ ಮರುಬಳಕೆಗೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಮೀಸಲಿಡುವುದು ಕೈಗಾರಿಕಾ ಖಾತೆಯ ಕೆಲಸ, ಅಲ್ಲಿ ದುಡಿಯುವವರನ್ನು ನೋಂದಾಯಿಸಿ ಅವರ ಆರೋಗ್ಯ ನೋಡುವುದು ಕಾರ್ಮಿಕ ಖಾತೆಯ ಕೆಲಸ. ಈ ಎರಡನೆಯದನ್ನು ಕೇಳಿದವರನ್ನು ನನ್ನ ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ಕಂಡಿಲ್ಲ. ಕಾರ್ಖಾನೆ ಬರೆದುಕೊಟ್ಟ ಅಂಕಿಯನ್ನು ಹಾಗೇ ಕೂಡಿಸಿ ಮೇಲೆ ಕಳಿಸಿದರೆ ಕರ್ತವ್ಯ ಮುಗಿಯಿತು ಅಂದುಕೊಳ್ಳುವುದೇ ರಾಜ್ಯದ ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ. ಬಿಳಿಯನ್ನೂ ಹಸಿರನ್ನೂ ಪಕ್ಕಪಕ್ಕ ಇಟ್ಟು ನೋಡದ ಹೊರತು ಆ ಪಟ್ಟಿಗೆ ಅರ್ಥವಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲ ಕಾಗದ ಪುಕ್ಕಟೆ ಸಿಗುತ್ತದೆ, ಕಾರ್ಖಾನೆಯ ಗೇಟಿನಲ್ಲಿ. 2003ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ, ಒಳಗೆ ಯಾವ ಅಪಾಯಕಾರಿ ರಾಸಾಯನಿಕ ಇದೆ, ಎಷ್ಟು ತ್ಯಾಜ್ಯ ಹುಟ್ಟುತ್ತದೆ ಎಂಬ ಫಲಕ ಮುಖ್ಯ ಗೇಟಿನ ಹೊರಗೆ ಇರಬೇಕು. ಬಹಳ ಕಡೆ ಮಳೆಗೆ ಬಣ್ಣ ಹೋಗಿ ಓದಲು ಬರುವುದಿಲ್ಲ, ಕೆಲವು ಕಡೆ ಅಂಕಿ ತುಂಬುವ ಜಾಗವೇ ಖಾಲಿ. ರಸ್ತೆಯಲ್ಲಿ ನಿಂತು ಫೋಟೋ ತೆಗೆಯಿರಿ. ಖಾಲಿ ಫಲಕವೂ ಸಾಕ್ಷಿಯೇ.

ಎರಡನೆಯದು ಸಂಮತಿಪತ್ರ, ಅಂದರೆ ಕಾರ್ಖಾನೆ ನಡೆಸಲು ಮಂಡಳಿ ಕೊಟ್ಟ ಅನುಮತಿ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಎಂಪಿಸಿಬಿ) ವೆಬ್‌ಸೈಟಿನಲ್ಲಿ ಕಾರ್ಖಾನೆಯ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಅಪಾಯಕಾರಿ ತ್ಯಾಜ್ಯದ ಕೋಷ್ಟಕ ನೋಡಿ: ಅಂಕಿ, ಹೆಸರು, ವರ್ಷಕ್ಕೆ ಎಷ್ಟು, ಎಲ್ಲಿಗೆ. 35.3 ಎಂದರೆ ಕೊಳೆನೀರು ಶುದ್ಧೀಕರಣದ ಕೆಸರು. 26.1 ಎಂದರೆ ಡೈ ಮಾಡುವಾಗ ಉಳಿದ ಗಷ್ಟು. 5.1 ಎಂದರೆ ಬಳಸಿದ ಎಣ್ಣೆ. ನಮ್ಮ ಭಾಗದ ಕಾರ್ಖಾನೆಗಳಿಗೆ ಹೆಚ್ಚಾಗಿ ತಳೋಜಾದ ಸಾಮೂಹಿಕ ವಿಲೇವಾರಿ ಘಟಕದ ಹೆಸರಿರುತ್ತದೆ, ಪುಣೆ ಕಡೆಯವರಿಗೆ ರಂಜಣಗಾಂವ್.

ಮೂರನೆಯದಕ್ಕೆ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ. ಇಲ್ಲಿ ಮಹಾರಾಷ್ಟ್ರದ ಒಂದು ನಿಯಮ ಗೊತ್ತಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ನನ್ನ ಮೊದಲ ಅರ್ಜಿ ಎರಡು ಪುಟವಿತ್ತು, ಹಾಗೇ ವಾಪಸು ಬಂತು. 10 ರೂಪಾಯಿ ಕೋರ್ಟ್ ಫೀ ಸ್ಟಾಂಪು ಅಂಟಿಸಿ, ಬೇರೆ ಬೇರೆ ಅರ್ಜಿ ಹಾಕಿ. ಮರಾಠಿಯಲ್ಲಿ ಬರೆದರೆ ಕೆಲಸ ಬೇಗ. ನಿಮ್ಮ ಮಕ್ಕಳು ಮರಾಠಿ ಓದಿರುತ್ತಾರೆ, ಅವರನ್ನು ಕೂರಿಸಿಕೊಳ್ಳಿ. ನಾನು ಬರೆಸಿದ್ದರ ತಾತ್ಪರ್ಯ ಹೀಗಿತ್ತು:

"ಇಂಥ ಪ್ಲಾಟಿನ ಕಾರ್ಖಾನೆ ಇಂಥ ಆರ್ಥಿಕ ವರ್ಷಕ್ಕೆ ಸಲ್ಲಿಸಿದ ಫಾರ್ಮ್ 4ರ ದೃಢೀಕೃತ ಪ್ರತಿ. ಅದೇ ವರ್ಷ ಕಳಿಸಿದವರಿಂದ ಬಂದ ಫಾರ್ಮ್ 10ರ ಬಿಳಿ ಪ್ರತಿಗಳು, ಪಡೆದವರಿಂದ ಬಂದ ಹಸಿರು ಪ್ರತಿಗಳು. ಇವುಗಳಿರುವ ಮೂಲ ಕಡತವನ್ನು ನೋಡಲು ದಿನ ಮತ್ತು ಸಮಯ."

ಕೊನೆಯ ವಾಕ್ಯವನ್ನು ಬಿಡಬೇಡಿ. ಕಡತ ನೋಡುವುದು ಕಾಯ್ದೆ ಕೊಟ್ಟ ಹಕ್ಕು. ಕಾಗದದ ಮೇಲೆ ಬರುವ ಉತ್ತರಕ್ಕಿಂತ ಮೇಜಿನ ಮೇಲೆ ಬಿಚ್ಚಿದ ಕಡತ ಹೆಚ್ಚು ಹೇಳುತ್ತದೆ. ಎರಡನೆಯ ಅರ್ಜಿಯಲ್ಲಿ ಸೆಪ್ಟೆಂಬರ್ 30ರ ಪಟ್ಟಿಯನ್ನು, ಅದನ್ನು ಕಳಿಸಿದ ತಾರೀಖನ್ನು ಕೇಳಿ. ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಆವಕ ನಂಬರಿನ ಸಮೇತ ಪೋಚ್ (ಸ್ವೀಕೃತಿ ಚೀಟಿ) ತೆಗೆದುಕೊಳ್ಳದೆ ಕಚೇರಿಯಿಂದ ಏಳಬೇಡಿ.

30 ದಿನದಲ್ಲಿ ಉತ್ತರ ಬರಬೇಕು. ನನಗೆ ಒಂದು ಕಚೇರಿಯಿಂದ 29ನೆಯ ದಿನ ಬಂತು: "ಇದು ಮೂರನೆಯವರ ಮಾಹಿತಿ, ಕೊಡಲಾಗದು." ಹೀಗೆ ಬಂದರೆ ಹೆದರಬೇಡಿ. ಮೂರನೆಯವರದ್ದಾದರೆ ಮಾಹಿತಿ ಹಕ್ಕು ಕಾಯ್ದೆಯ 11ನೆಯ ಕಲಮಿನ ಪ್ರಕಾರ 5 ದಿನದೊಳಗೆ ಅವರಿಗೆ ನೋಟಿಸು ಕೊಟ್ಟು ಅಭಿಪ್ರಾಯ ಕೇಳಬೇಕು, ಸುಮ್ಮನೆ ಇಲ್ಲ ಎನ್ನುವಂತಿಲ್ಲ. ಕಾನೂನೇ ಕೊಡು ಎಂದ ಲೆಕ್ಕ ವ್ಯಾಪಾರದ ಗುಟ್ಟು ಹೇಗಾಗುತ್ತದೆ? 30 ದಿನದೊಳಗೆ 20 ರೂಪಾಯಿ ಸ್ಟಾಂಪು ಹಚ್ಚಿ ಮೊದಲ ಅಪೀಲು ಹಾಕಿ, ಇದೇ ಪ್ರಶ್ನೆ ಬರೆಯಿರಿ. ನಾನು ಬರೆದೆ. ಅಪೀಲಿನಲ್ಲಿ ಕಡತ ನೋಡಲು ಕರೆದರು. ಒಂದು ಕಾರ್ಖಾನೆಯ ಬಿಳಿ ಪ್ರತಿ ಹನ್ನೊಂದು, ಹಸಿರು ಏಳು. ಆ ನಾಲ್ಕು ನಂಬರುಗಳನ್ನು ಬರೆದುಕೊಳ್ಳುವಾಗ ಹತ್ತಿರ ಕೂತ ಗುಮಾಸ್ತರು ಏನೂ ಹೇಳಲಿಲ್ಲ, ಒಂದು ಲೋಟ ನೀರು ಮಾತ್ರ ತಂದಿಟ್ಟರು.

ವ್ಯತ್ಯಾಸ ಸಿಕ್ಕ ಮೇಲೆ ದೂರು ಬರೆಯಿರಿ, ಮೊದಲೇ ಬೇಡ. "ನಮ್ಮ ಭಾಗದಲ್ಲಿ ಪ್ರದೂಷಣ ಹೆಚ್ಚಾಗಿದೆ" ಎಂದು ಬರೆದ ಪತ್ರ ಕಟ್ಟಿನಲ್ಲಿ ಸೇರುತ್ತದೆ. "ಈ ನಾಲ್ಕು ಮ್ಯಾನಿಫೆಸ್ಟುಗಳ ಮಾಲು ಮುಟ್ಟಿದ ದಾಖಲೆ ನಿಮ್ಮಲ್ಲಿಲ್ಲ" ಎಂದು ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಇದನ್ನು ಮಂಡಳಿಯ ಕಲ್ಯಾಣದ ಪ್ರಾದೇಶಿಕ ಕಚೇರಿಗೂ ಮುಂಬೈಯ ಶೀವ್‌ನ ಮುಖ್ಯ ಕಚೇರಿಗೂ ಒಟ್ಟಿಗೆ ಕಳಿಸಿ. ತಿಂಗಳ ಮೊದಲ ಸೋಮವಾರ ಜಿಲ್ಲಾಧಿಕಾರಿಗಳು ಜನರ ದೂರು ಕೇಳುವ ಲೋಕಶಾಹಿ ದಿನಕ್ಕೂ ಒಯ್ಯಿರಿ.

ನಾಲೆಯ ನೀರನ್ನು ನೀವೇ ಬಾಟಲಿಗೆ ತುಂಬಿ ಲ್ಯಾಬಿಗೆ ಕೊಡುವುದಕ್ಕೆ ದುಡ್ಡು ಹಾಕಬೇಡಿ ಎನ್ನುತ್ತೇನೆ. ಮಂಡಳಿಯವರೇ ವಿಧಿಪ್ರಕಾರ ತೆಗೆದು, ಎರಡು ಪಾಲು ಮಾಡಿ, ಸೀಲು ಹಾಕಿದ ಮಾದರಿಗೆ ಮಾತ್ರ ಕಾನೂನಿನಲ್ಲಿ ಬೆಲೆ. ಅವರನ್ನು ಕರೆಸಿ, ಪಂಚನಾಮೆ ಮಾಡಿಸಿ, ಅದರ ಪ್ರತಿ ಕೇಳಿ.

ವರ್ಷಗಟ್ಟಲೆ ಕೆಸರು ಸುರಿದ ಹಳೆಯ ಜಾಗ ನಿಮಗೆ ಗೊತ್ತಿದ್ದರೆ ಅದಕ್ಕೀಗ ಬೇರೆ ದಾರಿಯಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ನಿಯಮ ತಂದಿದೆ. ಅಂಥ ಜಾಗಗಳನ್ನು ಗುರುತಿಸಿ ಮಂಡಳಿಗೆ ತಿಳಿಸುವುದು ಸ್ಥಳೀಯ ಆಡಳಿತದ ಹೊಣೆ, ಪರೀಕ್ಷಿಸುವುದು ಮಂಡಳಿಯ ಹೊಣೆ. ಸರ್ವೆ ನಂಬರು, ಫೋಟೋ, ಯಾವ ವರ್ಷದಿಂದ ಎಂಬುದನ್ನು ಬರೆದು ಮಹಾನಗರಪಾಲಿಕೆಗೂ ಜಿಲ್ಲಾಧಿಕಾರಿಗಳಿಗೂ ಕೊಡಿ.

ಯಾವುದಕ್ಕೂ ಕದಲದಿದ್ದರೆ ಪರಿಸರದ ಮೊಕದ್ದಮೆ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠ. ಮಹಾರಾಷ್ಟ್ರ, ಗೋವಾ, ಗುಜರಾತ್ ಮೂರೂ ಆ ಪೀಠಕ್ಕೇ ಬರುತ್ತವೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರಿಲ್ಲದೆ ನೀವೇ ನಿಲ್ಲಬಹುದು, ಅರ್ಜಿ ಮಾತ್ರ ಇಂಗ್ಲಿಷಿನಲ್ಲಿರಬೇಕು. ಉಲ್ಲಾಸ, ವಾಲಧುನಿ ನದಿಗಳ ವಿಷಯದಲ್ಲಿ ವನಶಕ್ತಿ ಎಂಬ ಪರಿಸರ ಸಂಸ್ಥೆ ಹೋದದ್ದೂ ಇದೇ ನ್ಯಾಯಮಂಡಳಿಗೆ. 2015ರ ಜುಲೈನಲ್ಲಿ ಸರ್ಕಾರಿ ಸಂಸ್ಥೆಗಳ ಮೇಲೂ ಕೋಟಿಗಟ್ಟಲೆ ದಂಡ ಬಿತ್ತು. ಅವಧಿ ನೆನಪಿಡಿ: ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣ ತೋರಿಸಿದರೆ ಇನ್ನೊಂದು 60 ದಿನ. ಮಾಹಿತಿ ಹಕ್ಕು, ಅಪೀಲು ಎನ್ನುತ್ತ ಮೂರ್ನಾಲ್ಕು ತಿಂಗಳು ಹೋಗಿಬಿಡುತ್ತದೆ. ಕಣ್ಣಿಗೆ ಬಿದ್ದ ದಿನವನ್ನೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಆ ನೀಲಿ ಡ್ರಮ್ಮಿಗೆ ಮತ್ತೆ ಯಾರೂ ನೀರು ತುಂಬದ ಹಾಗೆ ತಳಕ್ಕೆ ತೂತು ಹೊಡೆಸಿ, ಮೂರು ಭಾಷೆಯಲ್ಲಿ ಎಚ್ಚರಿಕೆ ಬರೆದು, ಫೋಟೋ ಸಮೇತ ದೂರಿಗೆ ಲಗತ್ತಿಸಿದೆ. ಆಕೆಗೆ ಅಂಗಡಿಯಿಂದ ಹೊಸದು ಕೊಡಿಸಿದೆ. ಹಳೆಯ ಡ್ರಮ್ಮು ಕೊಳ್ಳುವವರು ಲೇಬಲ್ಲು ನೋಡಿ. ಕೆರೆದಿದ್ದರೆ, ಸುಟ್ಟಿದ್ದರೆ, ಮೇಲೆ ಬಣ್ಣ ಬಳಿದಿದ್ದರೆ ಬೇಡ. ಚುಕ್ಕೆ ಇಟ್ಟ ಅಂಕಿ ಇದ್ದರೆ ಬೇಡವೇ ಬೇಡ. ಆಕೆ ಈಗ ಬದಲಾಪುರದ ಸೈಟಿನಲ್ಲಿದ್ದಾಳೆ. ಮೊನ್ನೆ ಒಂದು ಡ್ರಮ್ಮಿನ ಫೋಟೋ ಕಳಿಸಿ, "ಕಾಕಾ, ಇದು ತಗೊಳ್ಲೇನ್ರೀ?" ಅಂತ ಕೇಳಿದಳು. ದೊಡ್ಡದು ಮಾಡಿ ನೋಡಿದೆ, ಅಂಟಿನ ಗುರುತಿತ್ತು. ಬೇಡವ್ವಾ ಅಂತ ಬರೆದೆ.