ಸರ್ಚ್‌ನಲ್ಲಿ ‘ಹ್ಯಾಂಡ್‌ಮೇಡ್’ ಅಂತ ಹಾಕಿದರೆ ಕೈಕಸುಬು ಸಿಗುವುದಿಲ್ಲ

ಯಾವುದಾದರೂ ಶಾಪಿಂಗ್ ಆ್ಯಪ್‌ನಲ್ಲಿ ‘ಹ್ಯಾಂಡ್‌ಮೇಡ್ ಗಿಫ್ಟ್’ ಎಂದು ಹಾಕಿ ನೋಡಿ. ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಹಲಗೆ, ಅಚ್ಚಿನಲ್ಲಿ ಸುರಿದ ರೆಸಿನ್ ಕೀಚೈನು, ಒಂದೇ ಫೋಟೊ ಇಟ್ಟುಕೊಂಡ ಹತ್ತಾರು ಅಂಗಡಿಗಳು ಸಾಲಾಗಿ ಬರುತ್ತವೆ. ಆ ಪದಕ್ಕೆ ಯಾರ ಕಾವಲೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಇಳಕಲ್ಲಿನ ನೇಕಾರ ತನ್ನ ಸೀರೆಯನ್ನು ‘ಹ್ಯಾಂಡ್‌ಮೇಡ್’ ಅನ್ನುವುದಿಲ್ಲ, ಟೋಪ್ ತೆನಿ ಎಂಬ ವಿನ್ಯಾಸದ ಸೆರಗಿನ ಸೀರೆ ಅನ್ನುತ್ತಾನೆ. ನೀವೂ ಅದೇ ಹೆಸರು ಹಿಡಿದು ಹುಡುಕಬೇಕು.

ಹುಡುಕುವಾಗ ಮೂರು ಸಂಗತಿ ಸೇರಿಸಿ: ಕಸುಬಿನ ಹೆಸರು, ಊರು, ಕೆಲಸ ಮಾಡುವವರು ಬಳಸುವ ಒಂದು ಒಳಪದ. ‘ಕಸೂತಿ ಧಾರವಾಡ ಗವಂತಿ’, ‘ಬಿದ್ರಿ ಬೀದರ್ ತಾರ್‌ಕಶಿ’, ‘ಇಳಕಲ್ ಕೊಂಡಿ ಟೋಪ್ ತೆನಿ’, ‘ಚನ್ನಪಟ್ಟಣ ಅರಗು ಲೇತ್’. ಗವಂತಿ ಒಂದು ಬಗೆಯ ಹೊಲಿಗೆ, ತಾರ್‌ಕಶಿ ಎಂದರೆ ಲೋಹದಲ್ಲಿ ತಂತಿ ಕೂರಿಸುವುದು, ಕೊಂಡಿ ಎಂದರೆ ಸೆರಗಿನ ಎಳೆ ಕೂಡಿಸುವುದು, ಲೇತ್ ಎಂದರೆ ಮರ ತಿರುಗಿಸುವ ಯಂತ್ರ. ಒಳಪದ ಗೊತ್ತಿಲ್ಲದಿದ್ದರೆ ಕಸುಬು, ಊರು ಹಾಕಿ: ‘ಲಂಬಾಣಿ ಕಸೂತಿ ಸಂಡೂರು’, ‘ಕಿನ್ನಾಳ ಬೊಂಬೆ ಕೊಪ್ಪಳ’. ಒಳಪದ ಗೊತ್ತಿರುವವರು ಸಾಮಾನ್ಯವಾಗಿ ಕೆಲಸ ಮಾಡುವವರು ಇಲ್ಲವೇ ಅವರ ಹತ್ತಿರದವರು. ಬರೀ ಮಾರುವವರು ಅಷ್ಟು ಆಳಕ್ಕೆ ಇಳಿಯುವುದು ಕಡಿಮೆ. ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ, ಎರಡರ ಫಲಿತಾಂಶ ಬೇರೆ ಬೇರೆ ಬರುತ್ತದೆ. ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ ಇರುವುದಿಲ್ಲ. ಕಿನ್ನಾಳವನ್ನು ಕಿನ್ಹಾಲ್, ಕಿನ್ನಲ್ ಎಂದೂ, ಚನ್ನಪಟ್ಟಣವನ್ನು ಒಂದು ‘ಟಿ’, ಎರಡು ‘ಟಿ’ ಹಾಕಿಯೂ ಬರೆಯುತ್ತಾರೆ. ಎಲ್ಲ ರೂಪಗಳನ್ನೂ ಹಾಕಿ ನೋಡಿ.

ಯಾವ ಊರಿಗೆ ಯಾವ ಕಸುಬು ಎಂಬ ಗೊಂದಲವಿದ್ದರೆ ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿಯ ಪಟ್ಟಿ ತೆರೆಯಿರಿ. 1999ರ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು, ನೋಂದಣಿ ಕಚೇರಿ ಚೆನ್ನೈನಲ್ಲಿದೆ, ಪಟ್ಟಿ ಆನ್‌ಲೈನ್‌ನಲ್ಲಿ ಉಚಿತ. ಚನ್ನಪಟ್ಟಣದ ಆಟಿಕೆ, ಬಿದ್ರಿ, ಕಸೂತಿ, ಇಳಕಲ್ ಸೀರೆಯಂಥ ಹೆಸರಾದವು ಮಾತ್ರವಲ್ಲ, ನವಲಗುಂದದ ಜಮಖಾನ, ಗುಳೇದಗುಡ್ಡದ ಖಣ, ಮೊಳಕಾಲ್ಮೂರು ರೇಷ್ಮೆ ಸೀರೆ, ಉಡುಪಿ ಸೀರೆ, ಮೈಸೂರಿನ ಗಂಜೀಫಾ ಆಟದ ಎಲೆಗಳೂ ಅಲ್ಲಿವೆ. ಹಲವು ಕಸುಬುಗಳಿಗೆ ಅಧಿಕೃತ ಬಳಕೆದಾರರು ಎಂದು ನೋಂದಾಯಿಸಿಕೊಂಡವರ ಹೆಸರು ಸಿಗುತ್ತದೆ. ಆ ಹೆಸರನ್ನೇ ಇನ್‌ಸ್ಟಾಗ್ರಾಂನಲ್ಲೋ ಯೂಟ್ಯೂಬ್‌ನಲ್ಲೋ ಹಾಕಿ ಹುಡುಕಿದರೆ ನಡುವಿನವರನ್ನು ದಾಟಿ ನೇರ ಮನೆಬಾಗಿಲಿಗೆ ಹೋದಂತೆ.

ಎಲ್ಲೆಲ್ಲಿ ನೋಡಬೇಕು

ಇನ್‌ಸ್ಟಾಗ್ರಾಂನಲ್ಲಿ ಹ್ಯಾಶ್‌ಟ್ಯಾಗಿಗಿಂತ ಸ್ಥಳದ ಹುಡುಕಾಟ ಉಪಯುಕ್ತ. ಊರಿನ ಹೆಸರು ಹಾಕಿ, ಸ್ಥಳದ ಗುರುತು ಒತ್ತಿ, ಇತ್ತೀಚಿನ ಪೋಸ್ಟುಗಳನ್ನು ನೋಡಿ. ಒಬ್ಬ ಒಳ್ಳೆಯ ಕಲಾವಿದೆ ಸಿಕ್ಕರೆ ಆಕೆ ಯಾರನ್ನು ಫಾಲೋ ಮಾಡುತ್ತಾರೆ, ಯಾರ ಜತೆ ಮೇಳದಲ್ಲಿ ಮಳಿಗೆ ಹಾಕಿದ್ದರು ಎಂಬುದನ್ನು ಗಮನಿಸಿ. ಕಲಾವಿದರಿಗೆ ಕಲಾವಿದರು ಗೊತ್ತಿರುತ್ತಾರೆ, ಆ್ಯಪ್‌ನ ಶಿಫಾರಸಿಗಿಂತ ಈ ಎಳೆ ಗಟ್ಟಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯ ಆಸುಪಾಸಿನ ಒಂದೆರಡು ವಾರ ಹುಡುಕುವುದಕ್ಕೆ ಒಳ್ಳೆಯ ಕಾಲ. ಸಂತೆಗೆ ಬರಲಿರುವವರು ತಮ್ಮ ಕೆಲಸವನ್ನೂ ಕೂರುವ ಜಾಗವನ್ನೂ ಪೋಸ್ಟ್ ಮಾಡುತ್ತಾರೆ, ವರ್ಷವಿಡೀ ಸುಮ್ಮನಿರುವ ಖಾತೆಗಳೂ ಆಗ ಎಚ್ಚರವಾಗುತ್ತವೆ.

ಸರಕಾರಿ ದಾರಿಯೂ ಇದೆ. ಕೇಂದ್ರ ಜವಳಿ ಸಚಿವಾಲಯದ ‘ಇಂಡಿಯಾ ಹ್ಯಾಂಡ್‌ಮೇಡ್’ ತಾಣದಲ್ಲಿ ನೇಕಾರರು, ಕುಶಲಕರ್ಮಿಗಳು ನೇರವಾಗಿ ಮಾರುತ್ತಾರೆ. ರಾಜ್ಯದ ಕರಕುಶಲ ನಿಗಮದ ಕಾವೇರಿ, ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳು ಹೋಲಿಕೆಗೆ ಅನುಕೂಲ. ಒಂದು ಬಿದ್ರಿ ಹೂದಾನಿಗೆ ಅಲ್ಲಿ ಎಷ್ಟಿದೆ ಎಂದು ನೋಡಿಕೊಂಡರೆ ಬೇರೆಡೆ ಹೇಳಿದ ಬೆಲೆ ಸರಿಯೋ ಎಂಬ ಅಂದಾಜು ಸಿಗುತ್ತದೆ. ದೊಡ್ಡ ಶಾಪಿಂಗ್ ತಾಣದಲ್ಲಿ ಕೊಳ್ಳುವುದಾದರೆ ಮಾರಾಟಗಾರನ ಹೆಸರಿನ ಮೇಲೆ ಒತ್ತಿ ವಿಳಾಸ ಓದಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದನ್ನು ತೋರಿಸಲೇಬೇಕು. ಚನ್ನಪಟ್ಟಣದ ಗೊಂಬೆಗೆ ದೆಹಲಿಯ ಗೋದಾಮಿನ ವಿಳಾಸವಿದ್ದರೆ ಗೊಂಬೆ ನಕಲಿ ಎಂದೇನೂ ಅಲ್ಲ, ನೀವು ಮಾಡಿದವರಿಂದ ಕೊಳ್ಳುತ್ತಿಲ್ಲ ಎಂದಷ್ಟೇ ಅರ್ಥ.

ಖಾತೆ ನಿಜವೋ, ಕದ್ದ ಫೋಟೊವೋ

ಇಷ್ಟವಾದ ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಫೋಟೊ ಐದಾರು ಅಂಗಡಿಗಳಲ್ಲಿ ಬೇರೆ ಬೇರೆ ಬೆಲೆಗೆ ಕಂಡರೆ ಬಿಟ್ಟುಬಿಡಿ. ಆಮೇಲೆ ಖಾತೆಯ ತಳಕ್ಕೆ ಇಳಿದು ಹಳೆಯ ಪೋಸ್ಟುಗಳನ್ನು ನೋಡಿ. ಕೈಕೆಲಸ ಮಾಡುವವರ ಪುಟದಲ್ಲಿ ಅದೇ ನೆಲ, ಅದೇ ಕಿಟಕಿ, ಅದೇ ಮೇಜು ಮತ್ತೆ ಮತ್ತೆ ಬರುತ್ತವೆ. ಅರ್ಧ ಮುಗಿದ ಕೆಲಸ ಇರುತ್ತದೆ, ಮೊದಲ ವರ್ಷದ ಕೆಲಸ ಈಗಿನದಕ್ಕಿಂತ ಒರಟಾಗಿರುತ್ತದೆ. ಎಲ್ಲ ಫೋಟೊಗಳೂ ಸ್ಟುಡಿಯೊ ಬೆಳಕಿನಲ್ಲಿ, ಮೊದಲ ದಿನದಿಂದಲೇ ಲೋಪವಿಲ್ಲದೆ ಕಂಡರೆ ಅನುಮಾನಿಸಿ. ಎಐ ಚಿತ್ರಗಳು ಬಂದ ಮೇಲೆ ಫೋಟೊ ನಂಬುವಂತಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸುವ 10 ಸೆಕೆಂಡಿನ ವಿಡಿಯೊ ಕೇಳಿ. ವಸ್ತು ಬಳಿಯಲ್ಲೇ ಇರುವವರಿಗೆ ಅದು ಎರಡು ನಿಮಿಷದ ಕೆಲಸ.

ಲೇಬಲ್‌ಗಳನ್ನು ಸರಿಯಾಗಿ ಓದಲು ಕಲಿಯಿರಿ, ಹೆಚ್ಚಿನವರು ಎಡವುವುದು ಇಲ್ಲೇ. ಸಿಲ್ಕ್ ಮಾರ್ಕ್ ಇದ್ದರೆ ಅದು ಶುದ್ಧ ರೇಷ್ಮೆ ಎಂದರ್ಥ, ಕೈಮಗ್ಗದಲ್ಲಿ ನೇಯ್ದದ್ದು ಎಂದಲ್ಲ. ಪವರ್‌ಲೂಮಿನ ಶುದ್ಧ ರೇಷ್ಮೆಗೂ ಅದು ಸಿಗುತ್ತದೆ. ಕೈಮಗ್ಗಕ್ಕೆ ಬೇರೆಯದೇ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆಟಿಕೆಗಳಿಗೆ 2021ರ ಜನವರಿಯಿಂದ ಬಿಐಎಸ್‌ನ ಐಎಸ್‌ಐ ಗುಣಮಟ್ಟದ ಗುರುತು ಕಡ್ಡಾಯವಾಗಿದೆ, ಆದರೆ ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೂ ಜಿಐ ಆಟಿಕೆಗಳನ್ನು ಅಧಿಕೃತ ಬಳಕೆದಾರರು ಮಾಡಿ ಮಾರುವುದಕ್ಕೂ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಬುಗುರಿಯ ಮೇಲೆ ಐಎಸ್‌ಐ ಗುರುತಿಲ್ಲ ಎಂದು ಗಾಬರಿಯಾಗಬೇಕಿಲ್ಲ.

ಕಸುಬಿಗೊಂದು ಪರೀಕ್ಷೆ

ಚನ್ನಪಟ್ಟಣದ ಗೊಂಬೆ ಲೇತ್ ಮೇಲೆ ತಿರುಗಿಸಿ ಮಾಡುವ ವಸ್ತು. ಆಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಒಣ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಹೀಗಾಗಿ ಸಾಂಪ್ರದಾಯಿಕ ಗೊಂಬೆಯ ಮೈ ಗುಂಡಗಿರುತ್ತದೆ, ಬಣ್ಣ ಉಂಗುರ ಉಂಗುರವಾಗಿ ಸುತ್ತಿರುತ್ತದೆ. ಚಪ್ಪಟೆ ಹಲಗೆಯಲ್ಲಿ ಕತ್ತರಿಸಿ ಮುಖ ಪ್ರಿಂಟ್ ಮಾಡಿದ್ದು ಈ ಜಾತಿಗೆ ಸೇರಿದ್ದಲ್ಲ. ‘ನೈಸರ್ಗಿಕ ಬಣ್ಣ’ ಎಂದು ಬರೆದು ಕಣ್ಣು ಕುಕ್ಕುವ ನಿಯಾನ್ ಗುಲಾಬಿ ತೋರಿಸಿದರೆ ಪ್ರಶ್ನಿಸಿ. ಅರಿಸಿನದ ಹಳದಿ, ನೀಲಿ ಗಿಡದ ನೀಲಿ, ಎರಡೂ ಸೇರಿದ ಹಸಿರು, ಇವು ಸ್ವಲ್ಪ ಮೆತ್ತಗಿನ ಬಣ್ಣಗಳು. ಬಾಯಿಗಿಡುವ ಮಕ್ಕಳಿದ್ದರೆ ಯಾವ ಬಣ್ಣ ಹಾಕಿದ್ದಾರೆ ಎಂದು ಬರೆಹದಲ್ಲೇ ಉತ್ತರ ಪಡೆಯಿರಿ. ಮನೆಗೆ ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ನೀರಲ್ಲಿ ನೆನೆಸಿದರೆ ಮರ ಉಬ್ಬಿ ಅರಗು ಬಿರಿಯುತ್ತದೆ. ಸ್ಯಾನಿಟೈಸರ್ ಹಾಕಲೇಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ಬಿದ್ರಿಯಲ್ಲಿ ಸತುವೇ ಹೆಚ್ಚು, ಜತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದ ಮೈಯಲ್ಲಿ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಇಲ್ಲವೇ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ದ್ರಾವಣದಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಕಲಿಯಲ್ಲಿ ಕಪ್ಪೂ ಬಣ್ಣ, ಬೆಳ್ಳಿಯೂ ಬಣ್ಣ. ಹಗಲು ಬೆಳಕು ಓರೆಯಾಗಿ ಬೀಳುವಂತೆ ಹತ್ತಿರದ ಫೋಟೊ ಕೇಳಿ. ಕೂರಿಸಿದ ಬೆಳ್ಳಿಗೆ ಅಂಚು ಖಚಿತವಾಗಿರುತ್ತದೆ, ಬಳಿದ ಬಣ್ಣ ಮೇಲೆದ್ದಿರುತ್ತದೆ ಅಥವಾ ಅಂಚಿನಲ್ಲಿ ಹರಡಿರುತ್ತದೆ. ತೂಕವನ್ನು ಗ್ರಾಂನಲ್ಲಿ ಕೇಳಿ. ಕೈಗೆ ಬಂದಾಗ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಕಬ್ಬಿಣವಿದೆ. ಬೆಲೆ ನಿಲ್ಲುವುದು ಬೆಳ್ಳಿಯ ಪ್ರಮಾಣ ಮತ್ತು ಕೆತ್ತನೆಯ ಸೂಕ್ಷ್ಮದ ಮೇಲೆ, ಗಾತ್ರದ ಮೇಲಲ್ಲ. ದೊಡ್ಡದು ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಇದನ್ನು ನೆನೆಯಿರಿ. ಹುಣಸೆಹಣ್ಣು, ಹಿತ್ತಾಳೆ ಪಾಲಿಶ್ ಹಚ್ಚಿ ತಿಕ್ಕಬೇಡಿ, ಕಪ್ಪು ಹೋಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಳಕಲ್ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಒಡಲಿನ ಹಾಸುನೂಲು (ಉದ್ದಕ್ಕೆ ಹಾಯುವ ಎಳೆ) ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಸೆರಗು ಶುರುವಾಗುವ ಗೆರೆಯ ಹಿಂಬದಿಯ ಫೋಟೊ ಕೇಳಿದರೆ ಆ ಕೂಡಿಕೆ ಕಾಣುತ್ತದೆ. ಪವರ್‌ಲೂಮಿನಲ್ಲಿ ಹಾಸು ಒಂದೇ ಸಮ ಹರಿದು ಹೋಗಿರುತ್ತದೆ, ಸೆರಗು ಬರೀ ವಿನ್ಯಾಸವಾಗಿರುತ್ತದೆ. ‘ಇಳಕಲ್ ಬಟ್ಟೆ, ಮೀಟರ್ ಲೆಕ್ಕ’ ಎಂದು ಮಾರುವುದರಲ್ಲಿ ಈ ಕೊಂಡಿಗೆ ಜಾಗವೇ ಇಲ್ಲ. ಕುರ್ತಾ ಹೊಲಿಸಲು ಚೆಂದ, ಆದರೆ ಕೈಮಗ್ಗದ ಬೆಲೆ ಕೊಡಬೇಡಿ.

ಧಾರವಾಡದ ಕಸೂತಿಗೆ ಒಂದೇ ಪ್ರಶ್ನೆ ಸಾಕು: ಹಿಂಬದಿ ತೋರಿಸಿ. ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ತರ ಕಾಣಬೇಕು, ಗಂಟು ಇರಬಾರದು. ನೇಯ್ಗಿ, ಮೆಂತಿ ಹೊಲಿಗೆಗಳ ಹಿಂಬದಿ ಬೇರೆ ಇರುತ್ತದೆ, ಅದನ್ನು ತಪ್ಪು ಎನ್ನಬೇಡಿ. ಯಂತ್ರದ ಕಸೂತಿಯ ಹಿಂದೆ ಬಾಬಿನ್ನಿನ ಬಿಳಿ ದಾರ, ಕೆಲವೊಮ್ಮೆ ಹರಿದುಳಿದ ಕಾಗದದಂಥ ಪದರ ಸಿಗುತ್ತದೆ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ತೇರು, ಗೋಪುರ, ತುಳಸಿಕಟ್ಟೆ ಎಲ್ಲವೂ ನೇರ ಮತ್ತು ಓರೆ ಗೆರೆಗಳಲ್ಲೇ ಮೂಡುತ್ತವೆ. ನುಣುಪಾಗಿ ಬಾಗಿದ ಬಳ್ಳಿ ಕಂಡರೆ ಅದು ಬೇರೆ ಯಾವುದೋ ಕಸೂತಿ.

ಚಿತ್ರ ಕೊಳ್ಳುವಾಗ

ಸ್ವತಂತ್ರ ಚಿತ್ರಕಾರರು ಮೂಲಚಿತ್ರ ಮತ್ತು ಪ್ರಿಂಟ್ ಎರಡನ್ನೂ ಮಾರುತ್ತಾರೆ, ಯಾವುದು ಎಂದು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಪ್ರಿಂಟ್ ಆದರೆ ಕಾಗದ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಶಾಯಿ ಪಿಗ್ಮೆಂಟೋ ಡೈಯೋ ಎಂದು ಕೇಳಿ. ಜಿಎಸ್‌ಎಂ 200ಕ್ಕಿಂತ ಕಡಿಮೆ ಇದ್ದರೆ ಚೌಕಟ್ಟಿನೊಳಗೆ ಅಲೆಯೇಳುವ ಸಾಧ್ಯತೆ ಹೆಚ್ಚು. ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಕೆಳಗೆ ಪೆನ್ಸಿಲಿನಲ್ಲಿ 12/50 ಎಂದಿದ್ದರೆ ಒಟ್ಟು 50ರಲ್ಲಿ ಇದು 12ನೆಯದು. ಅಂಥ ಸಂಖ್ಯೆ ಇಲ್ಲದಿದ್ದರೆ ಎಷ್ಟು ಬೇಕಾದರೂ ಮುದ್ರಿಸಬಹುದಾದ ಪ್ರಿಂಟ್ ಎಂದುಕೊಳ್ಳಿ, ಬೆಲೆಯೂ ಹಾಗೇ ಇರಬೇಕು.

ಹಕ್ಕಿನ ವಿಷಯದಲ್ಲಿ ಒಂದು ತಿರುವು ಇದೆ. ಮಾಡಿಟ್ಟ ಚಿತ್ರ ಕೊಂಡರೆ ನಿಮ್ಮದಾಗುವುದು ಚಿತ್ರ ಮಾತ್ರ, ಕೃತಿಸ್ವಾಮ್ಯ ಕಲಾವಿದರ ಬಳಿಯೇ ಉಳಿಯುತ್ತದೆ. ಅದನ್ನು ಮದುವೆ ಕರೆಯೋಲೆಗೆ ಅಚ್ಚು ಹಾಕಿಸುವಂತಿಲ್ಲ. ಆದರೆ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಬರೆಸಿದವರೇ ಮೊದಲ ಹಕ್ಕುದಾರರು. ಕಲಾವಿದರಲ್ಲೇ ಹಲವರಿಗೆ ಇದು ಗೊತ್ತಿಲ್ಲ. ಯಾರಿಗೆ ಯಾವ ಹಕ್ಕು ಎಂದು ವಾಟ್ಸ್ಆ್ಯಪ್‌ನಲ್ಲೇ ಎರಡು ಸಾಲು ಬರೆದುಕೊಂಡರೆ ಮುಂದೆ ಮನಸ್ತಾಪ ಇಲ್ಲ.

ಮಾತು, ಮುಂಗಡ, ಪಾರ್ಸೆಲ್

‘ಪ್ರೈಸ್ ಪ್ಲೀಸ್’ ಎಂಬ ಸಂದೇಶಕ್ಕೆ ಉತ್ತರ ತಡವಾಗುವುದು ಸಹಜ, ದಿನಕ್ಕೆ ಅಂಥವು ಎಷ್ಟೋ ಬರುತ್ತವೆ. ಹೀಗೆ ಬರೆಯಿರಿ: ‘ನಮಸ್ಕಾರ ಸರ್. ನಿಮ್ಮ ಪುಟದಲ್ಲಿ ಕಪ್ಪು ಒಡಲು, ಕೆಂಪು ಸೆರಗಿನ ಸೀರೆ ನೋಡಿದೆ. ಅದು ಈಗ ಇದೆಯೇ, ಇಲ್ಲ ನೇಯ್ದು ಕೊಡುತ್ತೀರಾ? ಸೆರಗು ಕೂಡಿಸಿದ ಜಾಗದ ಹಿಂಬದಿ ಫೋಟೊ ಹಗಲಲ್ಲಿ ತೆಗೆದು ಕಳಿಸಿ. ಕಲಬುರಗಿಗೆ ಪೋಸ್ಟ್ ಖರ್ಚು ಸೇರಿ ಎಷ್ಟಾಗುತ್ತದೆ, ಎಷ್ಟು ದಿನ ಬೇಕು?’ ಒಂದೇ ಸಲಕ್ಕೆ ಎಲ್ಲ ಕೇಳಿದರೆ ಒಂದೇ ಸಲಕ್ಕೆ ಉತ್ತರ ಬರುತ್ತದೆ.

ಹೇಳಿ ಮಾಡಿಸುವ ವಸ್ತುವಿಗೆ ಅರ್ಧ ಮುಂಗಡ ಕೇಳುವುದು ನ್ಯಾಯವೇ. ಕಚ್ಚಾ ವಸ್ತು ತರಲು ಅವರ ಕೈಯಲ್ಲಿ ದುಡ್ಡು ಬೇಕು. ಸಿದ್ಧವಿರುವ ವಸ್ತುವಿಗೆ ವಿಡಿಯೊ ನೋಡಿದ ಮೇಲೆ ಪೂರ್ತಿ ಕೊಡಬಹುದು. ಕ್ಯಾಶ್ ಆನ್ ಡೆಲಿವರಿಗೆ ಪಟ್ಟು ಹಿಡಿಯಬೇಡಿ, ಬಾಗಿಲಿಂದ ಒಂದು ಪಾರ್ಸೆಲ್ ವಾಪಸ್ ಹೋದರೆ ಎರಡೂ ಕಡೆಯ ಸಾಗಣೆ ಖರ್ಚು ವಸ್ತು ಮಾಡಿದವರ ತಲೆಗೇ ಬೀಳುತ್ತದೆ. ಯುಪಿಐನಲ್ಲಿ ಕಳಿಸುವ ಮುನ್ನ ತೆರೆಯ ಮೇಲೆ ಬರುವ ಹೆಸರು ನೀವು ಮಾತಾಡಿದವರದೋ, ಅವರ ಮನೆಯವರದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹಣ ವಾಪಸ್ ಪಡೆಯಲು ಪಿನ್ ಹಾಕಿ ಎಂದರೆ ಅದು ಮೋಸ, ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಹಣ ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ತಡೆಹಿಡಿಯುವುದು ಕಷ್ಟ. ವಸ್ತುವಿನ ತಕರಾರಿಗೆ ಗ್ರಾಹಕರ ಸಹಾಯವಾಣಿ 1915 ಬೇರೆ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿ ಕಾಣುವಂತೆ ಹಿಡಿದು, ಕತ್ತರಿ ಹಾಕುವುದರಿಂದ ಹಿಡಿದು ವಸ್ತು ಹೊರಬರುವ ತನಕ ನಿಲ್ಲಿಸದೆ ವಿಡಿಯೊ ಮಾಡಿ. ಮುರಿದ ಮಣ್ಣಿನ ಪಾತ್ರೆಗೆ ಬೇರೆ ಸಾಕ್ಷಿ ಇರುವುದಿಲ್ಲ. ಕೈಮಗ್ಗದ ಬಣ್ಣ ಫೋಟೊಗಿಂತ ಒಂದು ಛಾಯೆ ಆಚೀಚೆ ಇದ್ದರೆ, ಅಂಚಿನಲ್ಲಿ ಎಳೆ ತುಸು ದಪ್ಪವಿದ್ದರೆ ಅದಕ್ಕೆ ಜಗಳ ಬೇಡ. ತೂತು, ಕಲೆ, ಹೇಳಿದ್ದಕ್ಕಿಂತ ಕಡಿಮೆ ಅಳತೆ, ಇವು ಮಾತ್ರ ದೂರಿಗೆ ಅರ್ಹ.

ಹೊರದೇಶದಲ್ಲಿರುವವರು ಮೈಸೂರಿನ ಬೀಟೆ ಮರದ ಇನ್‌ಲೇ ಫಲಕ ತರಿಸುವುದಾದರೆ ಒಂದು ಎಚ್ಚರ: ಬೀಟೆ ಸೈಟಿಸ್ (ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಮರ, ಕಾಗದಪತ್ರವಿಲ್ಲದೆ ಕಸ್ಟಮ್ಸ್ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ರಫ್ತು ಮಾಡಿ ಅಭ್ಯಾಸವಿರುವವರಿಂದಲೇ ಕೊಳ್ಳಿ.

ವಸ್ತು ಹಿಡಿಸಿದರೆ ಅವರ ಫೋನ್ ನಂಬರನ್ನು ಕಸುಬು, ಊರು ಸೇರಿಸಿ ಸೇವ್ ಮಾಡಿಕೊಳ್ಳಿ, ‘ಕಸೂತಿ ಧಾರವಾಡ’ ಎಂಬಂತೆ. ಇನ್‌ಸ್ಟಾಗ್ರಾಂ ಖಾತೆಗಳು ಹ್ಯಾಕ್ ಆಗುತ್ತವೆ, ಹೆಸರು ಬದಲಾಗುತ್ತವೆ, ಫೋನ್ ನಂಬರು ಬಹುಮಟ್ಟಿಗೆ ಉಳಿಯುತ್ತದೆ. ದೀಪಾವಳಿಗೋ ಮದುವೆಗೋ ಬೇಕಿದ್ದರೆ ಎರಡು ತಿಂಗಳು ಮುಂಚೆ ಕೇಳಿ.