ಮ್ಯೂನಿಕ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಸಂಘ ನಡೆಯುವ ಬಗೆ, ನೀವು ಕೈಜೋಡಿಸುವ ಬಗೆ

ಸಂಘದ ಮಾತಿಗೆ ಮುಂಚೆ ಮೊದಲ ವಾರಗಳ ಕೆಲಸ ಮುಗಿಸಿಕೊಳ್ಳಿ. ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಇಲ್ಲಿ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಲದು, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರೆಂದು ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹಾಗಾಗಿ ಬೀಗದ ಕೈ ಸಿಕ್ಕ ದಿನವೇ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರು ಕಾಣದಿದ್ದರೆ ಪತ್ರ ಹಿಂದಿರುಗಿ ಹೋಗುತ್ತದೆ. ಮನೆ ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕಳುಹಿಸಬೇಡಿ. ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ ಎಂಬುದು ಇಲ್ಲಿಯ ಕಾನೂನು. ರಾತ್ರಿ ಮಗುವಿಗೆ ಜ್ವರ ಬಂದು ವೈದ್ಯರು ಬೇಕೆನಿಸಿದರೆ 116117ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯವಿದೆ ಎನಿಸಿದರೆ ಯೋಚಿಸದೆ 112.

ಇವುಗಳಲ್ಲಿ ಯಾವುದಕ್ಕೆ ಸಿಕ್ಕಿಕೊಂಡರೂ ಸಂಘದವರನ್ನು ಕೇಳಿ. ಇದೇ ದಾರಿಯಲ್ಲಿ ನಡೆದು ಬಂದವರು ಉತ್ತರ ಕೊಡುತ್ತಾರೆ. ಆದರೆ ವೀಸಾ ವಿಚಾರದಲ್ಲಿ ನಾವು ವಕೀಲರಲ್ಲ, ಬಾಡಿಗೆ ಮನೆಗೆ ಜಾಮೀನು ನಿಲ್ಲುವುದೂ ನಮ್ಮಿಂದಾಗದು. ಉತ್ತರ ಕೊಡುವವರೂ ಹಗಲು ಕಚೇರಿಯಲ್ಲಿ ದುಡಿದು, ಮಕ್ಕಳನ್ನು ಮಲಗಿಸಿ, ಆಮೇಲೆ ನಿಮ್ಮ ಸಂದೇಶ ಓದುವವರು. ಒಂದು ದಿನ ತಡವಾದರೆ ಬೇಸರಿಸಬೇಡಿ.

ಸಂಘ ಎಂದರೆ ಏನು

ಜರ್ಮನಿಯಲ್ಲಿ ಸಂಘ ಕಟ್ಟುವುದು ಸರಳ, ನಡೆಸುವುದು ಶಿಸ್ತಿನ ಕೆಲಸ. ಏಳು ಮಂದಿ ಸದಸ್ಯರು ಸೇರಿ ನಿಯಮಾವಳಿ ಬರೆದು ಸಹಿ ಹಾಕಿದರೆ ಸ್ಥಳೀಯ ನ್ಯಾಯಾಲಯದ ಸಂಘಗಳ ದಾಖಲೆಯಲ್ಲಿ ಹೆಸರು ಸೇರಿಸಲು ಅರ್ಜಿ ಹಾಕಬಹುದು. ಸಂಘದ ಹೆಸರಿನ ಕೊನೆಯಲ್ಲಿ ಕಾಣುವ ‘ಇ.ಫೌ.’ (e.V.) ಎಂಬ ಎರಡಕ್ಷರ ಆ ನೋಂದಣಿಯ ಗುರುತು. ಸಾರ್ವಜನಿಕ ಹಿತದ ಸಂಸ್ಥೆ ಎಂದು ತೆರಿಗೆ ಇಲಾಖೆ ಬೇರೆಯಾಗಿ ಒಪ್ಪಿದರೆ ನೀವು ಕೊಡುವ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. 300 ಯೂರೊವರೆಗಿನ ದೇಣಿಗೆಗೆ ಬ್ಯಾಂಕಿನ ಪಾವತಿ ದಾಖಲೆಯೇ ಸಾಮಾನ್ಯವಾಗಿ ಸಾಕು, ಅದಕ್ಕಿಂತ ಹೆಚ್ಚಾದರೆ ಖಜಾಂಚಿಯಿಂದ ರಸೀದಿ ಪಡೆಯಿರಿ.

ಈ ಮನ್ನಣೆಗೆ ಪ್ರತಿಯಾಗಿ ಪ್ರತಿ ಯೂರೊವಿಗೂ ಲೆಕ್ಕ ಒಪ್ಪಿಸಬೇಕು. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ನಿಯಮಾವಳಿಯಲ್ಲಿ ಬರೆದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಖರ್ಚು ಮಾಡುವಂತೆಯೂ ಇಲ್ಲ. ಆದ್ದರಿಂದಲೇ ನೀವು ಕೊತ್ತಂಬರಿ ಸೊಪ್ಪು ತಂದುಕೊಟ್ಟರೂ ಖಜಾಂಚಿ ಚೀಟಿ ಕೇಳುತ್ತಾರೆ. ಅದನ್ನು ಅಪನಂಬಿಕೆ ಎಂದು ತಿಳಿಯಬೇಡಿ. ವರ್ಷದ ಕೊನೆಗೆ ಚೀಟಿ ಇಲ್ಲದ ಖರ್ಚಿಗೆ ಉತ್ತರ ಹೇಳಬೇಕಾದವರು ಅವರೇ. ನನ್ನ ಮಟ್ಟಿಗೆ ಸಂಘದಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಸ್ಥಾನ ವೇದಿಕೆಯ ಮೇಲಿನದಲ್ಲ, ಈ ಲೆಕ್ಕದ ಪುಸ್ತಕದ ಮುಂದಿನದು.

ಹಬ್ಬಗಳು ಆಯಾ ದಿನವೇ ಏಕೆ ನಡೆಯುವುದಿಲ್ಲ

ಹೊಸಬರು ಬಹಳ ಸಲ ಕೇಳುವ ಪ್ರಶ್ನೆ ಇದು. ನವೆಂಬರ್ 1 ನಮಗೆ ರಾಜ್ಯೋತ್ಸವ. ಬವೇರಿಯಾದಲ್ಲಿ ಅದು ಸರ್ವ ಸಂತರ ದಿನ, ಜನ ತಮ್ಮ ಹಿರಿಯರ ಸಮಾಧಿಗಳಿಗೆ ಹೋಗಿ ದೀಪವಿಟ್ಟು ಬರುವ ದಿನ. ಸರ್ಕಾರಿ ರಜೆಯೇನೋ ಹೌದು, ಆದರೆ ಕಾನೂನು ಅದನ್ನು ಮೌನದ ದಿನಗಳಲ್ಲಿ ಸೇರಿಸಿದೆ. ಆ ದಿನದ ಗಾಂಭೀರ್ಯಕ್ಕೆ ಒಗ್ಗದ ಸಾರ್ವಜನಿಕ ಮನರಂಜನೆಗೆ ಅವಕಾಶವಿಲ್ಲ. ಡೊಳ್ಳು ಬಾರಿಸಿ ಕುಣಿಯುವ ನಮ್ಮ ಸಂಭ್ರಮವನ್ನು ಬೇರೊಂದು ಶನಿವಾರಕ್ಕೆ ಇಟ್ಟುಕೊಳ್ಳುವುದು ಕಾನೂನಿಗೆ ಅಂಜಿ ಮಾತ್ರವಲ್ಲ. ನೆರೆಯವರು ತಮ್ಮ ಸತ್ತವರನ್ನು ನೆನೆಯುವಾಗ ನಾವು ಧ್ವನಿವರ್ಧಕ ಹಚ್ಚುವುದು ನಮಗೇ ಒಪ್ಪುವುದಿಲ್ಲ. ಅದೇ ತಿಂಗಳಲ್ಲಿ ಯುದ್ಧದಲ್ಲಿ ಮಡಿದವರಿಗೊಂದು, ಅಗಲಿದವರೆಲ್ಲರಿಗೊಂದು ಎಂದು ಇನ್ನೆರಡು ಭಾನುವಾರಗಳೂ ಮೌನದವೇ. ಸಭಾಂಗಣ ಕಾದಿರಿಸುವಾಗ ಅವನ್ನೂ ಬಿಟ್ಟು ಲೆಕ್ಕ ಹಾಕುತ್ತೇವೆ.

ಗಣೇಶನ ಹಬ್ಬದ ತೊಡಕು ಬೇರೆ. ಇಲ್ಲಿಯ ಶಾಲೆಗಳ ಬೇಸಿಗೆ ರಜೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಚೌತಿ ಅದರೊಳಗೆ ಬಿದ್ದ ವರ್ಷ ಅರ್ಧ ಜನ ಊರಿನಲ್ಲಿರುತ್ತಾರೆ, ಇದ್ದ ಕೆಲವರ ಮೇಲೆಯೇ ಎಲ್ಲ ಕೆಲಸ ಬೀಳುತ್ತದೆ. ಆ ವರ್ಷ ನೀವು ಇಲ್ಲಿಯೇ ಇದ್ದರೆ ದಯವಿಟ್ಟು ಮುಂಚಿತವಾಗಿ ಹೇಳಿ. ಮಣ್ಣಿನ ಮೂರ್ತಿಯನ್ನು ಬಕೆಟ್ ನೀರಿನಲ್ಲಿ ಕರಗಿಸುತ್ತೇವೆ, ಇಸಾರ್ ನದಿಗೆ ಬಿಡುವುದಿಲ್ಲ.

ಕಾರ್ಯಕ್ರಮದ ದಿನ

ಸಭಾಂಗಣದಲ್ಲಿ ಹೊಗೆ ಗುರುತಿಸುವ ಸಾಧನಗಳಿವೆ. ಕರ್ಪೂರದಾರತಿಗೆ ಅನುಮತಿ ಇಲ್ಲದ ಕಡೆ ವಿದ್ಯುತ್ ದೀಪವನ್ನೇ ಬೆಳಗುತ್ತೇವೆ. ಅಗ್ನಿಶಾಮಕ ವಾಹನ ಸುಮ್ಮನೆ ಬಂದು ಹೋದರೆ ಅದರ ಖರ್ಚು ಸಂಘದ ತಲೆಗೆ ಬರಬಹುದು. ರಾತ್ರಿ 10ರ ನಂತರ ಹೊರಗೆ ನಿಂತು ಗಟ್ಟಿಯಾಗಿ ಮಾತನಾಡಬೇಡಿ. ಬೀಳ್ಕೊಡುವ ಮಾತು ನಮ್ಮಲ್ಲಿ ಬಾಗಿಲ ಬಳಿಯೇ ಉದ್ದವಾಗುತ್ತದೆ, ಅದನ್ನು ಒಳಗೇ ಮುಗಿಸಿಕೊಳ್ಳಿ.

ಚಿತ್ರಗೀತೆಯನ್ನು ಹಾಡಿದರೂ, ಧ್ವನಿಮುದ್ರಿಕೆ ಹಾಕಿ ಮಕ್ಕಳು ಕುಣಿದರೂ, ಗೇಮಾ ಎಂಬ ಸಂಗೀತ ಹಕ್ಕುಗಳ ಸಂಸ್ಥೆಗೆ ಮೊದಲೇ ತಿಳಿಸಬೇಕು. ಆದ್ದರಿಂದ ಹಾಡಿನ ಪಟ್ಟಿಯನ್ನು ಕೇಳಿದ ದಿನಾಂಕಕ್ಕೆ ಕೊಡಿ. ಮನೆಯಿಂದ ಅಡುಗೆ ತರುವವರು ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಸಿ: ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಇದೆಯೇ ಎಂದು ಬರೆದಿರಲಿ. ಕಡಲೆಕಾಯಿ ಒಗ್ಗದ ಮಗುವಿನ ತಾಯಿಗೆ ಆ ಚೀಟಿ ಇಲ್ಲದೆ ಬಿಸಿಬೇಳೆ ಬಾತ್ ಬಡಿಸಿಕೊಳ್ಳುವುದಕ್ಕೂ ಧೈರ್ಯ ಬರುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತವೆ. ಮರೆತ ತೆಂಗಿನಕಾಯಿ ಆಮೇಲೆ ಸಿಗದು.

ಬೇರೆಯವರ ಮಕ್ಕಳ ಫೋಟೊಗಳನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ.

ಕನ್ನಡ ತರಗತಿ

ಇದರ ಬಗ್ಗೆ ನಿಜವಾದ ಮಾತು ಹೇಳಬೇಕು. ವಾರಕ್ಕೊಂದು ತರಗತಿ ನಿಮ್ಮ ಮಗುವಿಗೆ ಅಕ್ಷರ ಕಲಿಸಬಲ್ಲದು, ಮಾತು ಕಲಿಸಲಾರದು. ಶಿಶುವಿಹಾರಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಮಗು ಮನೆಯಲ್ಲಿಯೂ ಜರ್ಮನ್‌ನಲ್ಲಿ ಉತ್ತರಿಸತೊಡಗುತ್ತದೆ. ಆಗ ಗಾಬರಿಯಾಗಿ ನೀವೂ ಅರ್ಧಂಬರ್ಧ ಜರ್ಮನ್‌ಗೆ ತಿರುಗಬೇಡಿ. ಮಗು ಜರ್ಮನ್ ಅನ್ನು ಶಾಲೆಯಲ್ಲಿ, ನಿಮಗಿಂತ ಚೆನ್ನಾಗಿ ಕಲಿಯುತ್ತದೆ. ನೀವು ಕನ್ನಡದಲ್ಲಿಯೇ ಮಾತನಾಡಿ, ಬೈಯುವುದನ್ನೂ ಮುದ್ದಿಸುವುದನ್ನೂ ಕನ್ನಡದಲ್ಲಿಯೇ ಮಾಡಿ. ಊರಿನ ಅಜ್ಜಿಯ ಜತೆ ಫೋನಿನಲ್ಲಿ ಮಗುವೇ ಮಾತನಾಡಲಿ, ನಡುವೆ ನೀವು ಅನುವಾದಕರಾಗಬೇಡಿ.

ತರಗತಿಯಲ್ಲಿ ಕಲಬುರಗಿಯ ಮಗುವೂ ಕುಂದಾಪುರದ ಮಗುವೂ ಪಕ್ಕಪಕ್ಕ ಕೂರುತ್ತವೆ. ಮನೆಯ ಮಾತಿನ ಬನಿಯನ್ನು ತಪ್ಪು ಎಂದು ಯಾರೂ ತಿದ್ದುವುದಿಲ್ಲ. ಬರೆಯುವ ಕನ್ನಡವನ್ನು ಅದರ ಜತೆಗೆ ಕಲಿಸುತ್ತೇವೆ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮನೆಮಾತಿನ ಕುಟುಂಬಗಳೂ ನಮ್ಮಲ್ಲಿವೆ. ಕನ್ನಡ ಬೇಕು ಎನ್ನುವ ಎಲ್ಲರ ಮಕ್ಕಳಿಗೂ ಇಲ್ಲಿ ಜಾಗವಿದೆ, ಹಬ್ಬ ಯಾವುದೇ ಇರಲಿ, ದೇವರು ಯಾರೇ ಇರಲಿ.

ಕೈಜೋಡಿಸುವುದು ಹೇಗೆ

ಮೊದಲ ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಬಂದು ಕುರ್ಚಿ ಹಾಕುವವರ ಜತೆ ಸೇರಿಕೊಳ್ಳಿ. ಸಭೆಯಲ್ಲಿ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಸಂಕೋಚಪಡುವವರಿಗೆ ಅದಕ್ಕಿಂತ ಸುಲಭವಾದ ಪರಿಚಯ ಇನ್ನೊಂದಿಲ್ಲ. ಪತಿ ಅಥವಾ ಪತ್ನಿಯ ಕೆಲಸಕ್ಕಾಗಿ ತಮ್ಮ ಕೆಲಸ ಬಿಟ್ಟು ಬಂದವರಿಗೆ ಇಲ್ಲಿಯ ಮೊದಲ ಚಳಿಗಾಲ ಬಹಳ ಉದ್ದ, ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ನವೆಂಬರ್‌ನಲ್ಲಿ ಒಬ್ಬರೇ ಮನೆಯಲ್ಲಿದ್ದೀರಾದರೆ ನಮಗೆ ತಿಳಿಸಿ. ಹಗಲು ಹೊತ್ತು ಸಿಗುವವರ ಸಹಾಯ ಸಂಘಕ್ಕೂ ನಿಜವಾಗಿ ಬೇಕು: ಸಭಾಂಗಣದ ಕಚೇರಿ ತೆರೆದಿರುವುದೇ ಹಗಲಿನಲ್ಲಿ.

ಒಂದೆರಡು ವರ್ಷ ನೋಡಿ ಸಮಿತಿಗೆ ನಿಲ್ಲಿ. ಹಾಗೆ ನಿಲ್ಲುವ ಮುಂಚೆ ಎಷ್ಟು ಕಾಲ ಈ ಊರಿನಲ್ಲಿ ಇರುತ್ತೀರೆಂದು ಯೋಚಿಸಿ. ಸಂಘವನ್ನು ಕಾನೂನಿನ ಮುಂದೆ ಪ್ರತಿನಿಧಿಸುವ ಪದಾಧಿಕಾರಿ ಬದಲಾದಾಗ ಹೊಸಬರ ಸಹಿಯನ್ನು ನೋಟರಿಯ ಮುಂದೆ ಪ್ರಮಾಣೀಕರಿಸಿ ನ್ಯಾಯಾಲಯದ ದಾಖಲೆ ತಿದ್ದಿಸಬೇಕು. ಅದಾಗುವವರೆಗೆ ಬ್ಯಾಂಕ್ ಹೊಸ ಖಜಾಂಚಿಯ ಕೈಗೆ ಖಾತೆ ಕೊಡದೆ ಇರಬಹುದು. ಬೇರೆ ಊರಿಗೆ ಕೆಲಸ ಸಿಕ್ಕಿ ಹೊರಡುವುದಾದರೆ ಮೂರು ತಿಂಗಳ ಮುಂಚೆ ಸಮಿತಿಗೆ ಹೇಳಿ. ಗುಪ್ತಪದಗಳು, ಸಾಮಾನು ಕೋಣೆಯ ಬೀಗದ ಕೈ, ಸಭಾಂಗಣದವರ ಜತೆಗಿನ ಪತ್ರಗಳು, ಬಾಡಿಗೆ ಮುಂಗಡದ ರಸೀದಿ ಇವೆಲ್ಲವನ್ನೂ ಮುಂದೆ ಬರುವವರ ಜತೆ ಕುಳಿತು ಒಪ್ಪಿಸಿ ಹೋಗಿ.