ರೋ ಹೌಸ್ ಕೊಳ್ಳುವ ಮುಂಚೆ ಗೋಡೆ ಮುಟ್ಟಿ ನೋಡಿ

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಗೋ ರೋ ಹೌಸ್, ಅಂದರೆ ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ ಮನೆ, ನೋಡಲು ಹೋದರೆ ಬಾಗಿಲ ಮುಂದಿನ ಅಂಗೈಯಗಲ ಜಾಗಕ್ಕೇ ಮನಸ್ಸು ಸೋಲುತ್ತದೆ. ತುಳಸಿ ಇಡಬಹುದು, ರಂಗೋಲಿ ಹಾಕಬಹುದು, ತಲೆಯ ಮೇಲೆ ಇನ್ನೊಬ್ಬರ ಮನೆ ಇಲ್ಲ. ಫ್ಲ್ಯಾಟಿನಲ್ಲಿ ಇದ್ದು ಸಾಕಾದವರಿಗೆ ಇದು ಸಣ್ಣ ಸುಖವಲ್ಲ. ಆದರೂ ಅಡ್ವಾನ್ಸ್ ಕೊಡಲು ಆತುರ ಬೇಡ.

ಮೊದಲು ನೆಲ ಯಾರ ಹೆಸರಿಗೆ ಬರುತ್ತದೆ ಎಂದು ಕೇಳಿ. ಕೆಲವು ಕಡೆ ಮನೆಯ ಅಡಿಯ ಸೈಟು ನಿಮ್ಮ ಹೆಸರಿಗೇ ರಿಜಿಸ್ಟರ್ ಆಗುತ್ತದೆ. ಇನ್ನು ಕೆಲವು ಕಡೆ ಫ್ಲ್ಯಾಟಿನ ಹಾಗೆ ಇಡೀ ಜಮೀನಿನಲ್ಲಿ ಒಂದು ಪಾಲು, ಅಂದರೆ ಯುಡಿಎಸ್ ಮಾತ್ರ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕ್ರಯಪತ್ರದ ಕರಡು ತರಿಸಿ, ಆಸ್ತಿಯ ವಿವರ ಇರುವ ಶೆಡ್ಯೂಲ್ ಪುಟ ನೀವೇ ಓದಿ. ಪಾಲು ಮಾತ್ರ ಕೊಟ್ಟು ಸೈಟಿನ ರೇಟು ಕೇಳಿದರೆ, ಅದೇ ದುಡ್ಡಿಗೆ ಒಳ್ಳೆಯ ಫ್ಲ್ಯಾಟ್ ವಾಸಿ ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಕಾಗದ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಸಾಲ, ಋಣ ತೋರಿಸುವ ಪತ್ರ) ತೆಗೆಸಿ. ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ಭೂ ಪರಿವರ್ತನೆ ಆದೇಶ, ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ, ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಎಂಬ ಪ್ರಮಾಣಪತ್ರ) ಇವಿಷ್ಟನ್ನೂ ವಕೀಲರಿಗೆ ತೋರಿಸಿ. ರೇರಾ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು.

ಮೂರನೆಯದು ಗೋಡೆ. ಕಳೆದ ಮಳೆಗಾಲದಲ್ಲಿ ನಾನು ನೋಡಿದ ಮನೆಯೊಂದರಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಬೆರಳಿಟ್ಟೆ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ನೀರು ಇಳಿಯುತ್ತಿದ್ದದ್ದು ಪಕ್ಕದ ಮನೆಯ ಬಚ್ಚಲಿನಿಂದ. ಗೋಡೆ ಇಬ್ಬರದೂ. ರಿಪೇರಿ ಆಗಬೇಕಾದರೆ ಅವರು ತಮ್ಮ ಟೈಲ್ಸ್ ಒಡೆಸಲು ಒಪ್ಪಬೇಕು. ಒಪ್ಪದಿದ್ದರೆ? ಅದಕ್ಕೇ ಮಳೆ ಬಂದ ಮರುದಿನ ಒಮ್ಮೆ ಹೋಗಿ, ರಾತ್ರಿ ಅಡುಗೆ ಹೊತ್ತಿಗೆ ಇನ್ನೊಮ್ಮೆ ಹೋಗಿ. ಪಕ್ಕದ ಮನೆಯ ಕುಕ್ಕರ್ ಸೀಟಿ ಎಷ್ಟು ಜೋರಾಗಿ ಕೇಳುತ್ತದೆ ಎಂದು ಸುಮ್ನೆ ಕೂತು ಗಮನಿಸಿ. ಸಾಲಿನ ನಡುವಿನ ಮನೆಗೆ ಕಿಟಕಿ ಇರುವುದು ಹಿಂದೆ ಮುಂದೆ ಮಾತ್ರ. ಮೂಲೆಮನೆಗೆ ಬೆಳಕು ಜಾಸ್ತಿ, ಬೆಲೆಯೂ ಜಾಸ್ತಿ.

ಮೆಟ್ಟಿಲನ್ನೂ ಎಣಿಸಿ. ಮಂಡಿನೋವಿನ ಅಮ್ಮ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕು? ಕೆಳಗೇ ಒಂದು ರೂಮು, ಅದಕ್ಕೆ ಬಚ್ಚಲು ಇರುವ ಮನೆಯನ್ನೇ ಹುಡುಕಿ. ಈ ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ.

ದುಡ್ಡಿನ ಲೆಕ್ಕ ಕೊನೆಗೆ. 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ, ಓಸಿ ಬಂದ ಮೇಲೆ ಕೊಂಡರೆ ಅದಿಲ್ಲ. ಗೇಟು, ಸೆಕ್ಯುರಿಟಿ, ಒಳರಸ್ತೆ ಎಲ್ಲಕ್ಕೂ ತಿಂಗಳ ಮೇಂಟೆನೆನ್ಸ್ ಇದ್ದೇ ಇದೆ. ರೇರಾದ ಆ 5 ವರ್ಷ ಕಳೆದ ಮೇಲೆ ಚಾವಣಿ ಸೋರಿದರೆ ಮಾತ್ರ ಹೆಚ್ಚಿನ ಕಡೆ ಖರ್ಚು ನಿಮ್ಮದೇ.

ಸಹಿ ಹಾಕುವ ಮುಂಚೆ ಅಲ್ಲೇ ವಾಸ ಇರುವ ಒಬ್ಬರ ಬಾಗಿಲು ತಟ್ಟಿ ಒಂದೇ ಪ್ರಶ್ನೆ ಕೇಳಿ: ‘2024ರ ಬೇಸಿಗೆಯಲ್ಲಿ ನೀರಿಗೆ ಏನು ಮಾಡಿದ್ರಿ?’